ಒಂದೇ ಟಿವಿಗೆ ಮೂರು ಗೇಮ್ ಕನ್ಸೋಲ್: ದುಬಾರಿ ಎಚ್‌ಡಿಎಂಐ ಸ್ವಿಚ್ ನಿಜಕ್ಕೂ ಬೇಕೆ?

ಟಿವಿಯ ಹಿಂಭಾಗವನ್ನು ಒಮ್ಮೆ ನೋಡಿ. 32 ಇಂಚಿನ ಟಿವಿಯಾದರೆ ಸಾಮಾನ್ಯವಾಗಿ ಎರಡೇ ಎಚ್‌ಡಿಎಂಐ ಪೋರ್ಟ್ ಇರುತ್ತವೆ. ಒಂದರಲ್ಲಿ ಸೆಟ್‌ಟಾಪ್ ಬಾಕ್ಸ್ ಕೂತಿರುತ್ತದೆ. ಇನ್ನೊಂದರಲ್ಲಿ ಪ್ಲೇಸ್ಟೇಷನ್. ಮೂರನೆಯ ಸಾಧನ ಮನೆಗೆ ಬಂತೆಂದರೆ ಕೇಬಲ್ ಕೀಳುವ, ಸಿಕ್ಕಿಸುವ ಕೆಲಸ ಶುರು. ಗೋಡೆಗೆ ನೇತುಹಾಕಿದ ಟಿವಿಯಾದರೆ ಕೈ ತೂರಿಸಿ, ಕಣ್ಣಿಗೆ ಕಾಣದ ರಂಧ್ರಕ್ಕೆ ಕೇಬಲ್ ತುರುಕಬೇಕು.

ಇದಕ್ಕೆ ಪರಿಹಾರವೆಂದರೆ ಎಚ್‌ಡಿಎಂಐ ಸ್ವಿಚ್ ಎಂಬ ಚಿಕ್ಕ ಪೆಟ್ಟಿಗೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಕೆಲವು ನೂರು ರೂಪಾಯಿಯಿಂದ ಹಿಡಿದು ಹಲವು ಸಾವಿರ ರೂಪಾಯಿಯವರೆಗೆ ಇದು ಸಿಗುತ್ತದೆ. ನೋಡಲು ಎಲ್ಲವೂ ಒಂದೇ ಥರ. ಜೊತೆಗೆ 'ಕಡಿಮೆ ಬೆಲೆಯದ್ದು ಹಾಕಿದರೆ ಚಿತ್ರ ಮಸುಕಾಗುತ್ತದೆ', 'ಸ್ವಿಚ್ ಹಾಕಿದರೆ ಗೇಮ್ ತಡವಾಗುತ್ತದೆ', '8ಕೆ ಎಂದು ಬರೆದಿದ್ದನ್ನೇ ತಗೊಳ್ಳಿ' ಎಂಬ ಸಲಹೆಗಳು ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ನಿಮ್ಮ ಮನೆಗೆ ಯಾವುದು ಸಾಕು? ಒಂದೊಂದಾಗಿ ನೋಡೋಣ.

ಸ್ವಿಚ್ ಮಾಡುವ ಕೆಲಸ ಏನು?

ಅರಸೀಕೆರೆ ಜಂಕ್ಷನ್ ನೆನಪಿಸಿಕೊಳ್ಳಿ. ಬೆಂಗಳೂರಿನ ಕಡೆಯಿಂದ ಒಂದು ಹಳಿ ಬರುತ್ತದೆ, ಹಾಸನ–ಮೈಸೂರಿನ ಕಡೆಯಿಂದ ಇನ್ನೊಂದು. ಎರಡೂ ಕಡೆಯ ರೈಲುಗಳು ಅಲ್ಲಿಂದ ಹುಬ್ಬಳ್ಳಿಯ ದಾರಿ ಹಿಡಿಯುತ್ತವೆ. ಯಾವ ರೈಲಿಗೆ ದಾರಿ ಬಿಡಬೇಕೋ ಅದಕ್ಕೆ ತಕ್ಕಂತೆ ಹಳಿ ಜೋಡಿಸುತ್ತಾರೆ. ಹಳಿ ಬದಲಿಸಿದ್ದರಿಂದ ರೈಲಿನ ಬೋಗಿಗಳು ಹೊಸದಾಗುವುದಿಲ್ಲ, ಹಳೆಯದೂ ಆಗುವುದಿಲ್ಲ.

ಎಚ್‌ಡಿಎಂಐ ಸ್ವಿಚ್ ಮಾಡುವುದೂ ಇಷ್ಟೇ. ಮೂರು ಅಥವಾ ಐದು ಕಡೆಯಿಂದ ಕೇಬಲ್ ಒಳಗೆ ಬರುತ್ತವೆ, ಒಂದೇ ಕೇಬಲ್ ಟಿವಿಗೆ ಹೋಗುತ್ತದೆ. ನೀವು ಆರಿಸಿದ ಸಾಧನಕ್ಕೆ ದಾರಿ ಬಿಡುವುದು ಅದರ ಕೆಲಸ. ಚಿತ್ರವನ್ನು ತಯಾರಿಸುವುದು ಕನ್ಸೋಲ್, ತೋರಿಸುವುದು ಟಿವಿ. ನಡುವಿನ ಪೆಟ್ಟಿಗೆಗೆ ಚಿತ್ರದಲ್ಲಿ ಏನಿದೆ ಎಂಬುದೇ ಗೊತ್ತಿರುವುದಿಲ್ಲ.

ಸ್ವಿಚ್ ಬೇರೆ, ಸ್ಪ್ಲಿಟರ್ ಬೇರೆ

ತಪ್ಪು ಖರೀದಿ ಆಗುವುದು ಹೆಚ್ಚಾಗಿ ಇಲ್ಲೇ. ಹಲವು ಸಾಧನ, ಒಂದು ಟಿವಿ ಇದ್ದರೆ ಬೇಕಾದದ್ದು ಸ್ವಿಚ್. ಒಂದು ಸಾಧನ, ಹಲವು ಟಿವಿ ಇದ್ದರೆ ಬೇಕಾದದ್ದು ಸ್ಪ್ಲಿಟರ್. ಸ್ಪ್ಲಿಟರ್ ತಂದು ಎರಡು ಕನ್ಸೋಲ್ ಜೋಡಿಸಲು ಹೊರಟರೆ ಎರಡನೆಯ ಕೇಬಲ್ ಸಿಕ್ಕಿಸಲು ಜಾಗವೇ ಇರುವುದಿಲ್ಲ.

'ಬೈ-ಡೈರೆಕ್ಷನಲ್' ಎಂದು ಬರೆದ ಪೆಟ್ಟಿಗೆಗಳೂ ಇವೆ. ಇವನ್ನು ಎರಡು ಸಾಧನ, ಒಂದು ಟಿವಿ ಎಂಬಂತೆಯೂ ಬಳಸಬಹುದು, ತಿರುಗಿಸಿ ಒಂದು ಸಾಧನ, ಎರಡು ಟಿವಿ ಎಂಬಂತೆಯೂ ಬಳಸಬಹುದು. ಆದರೆ ಎರಡನೆಯ ರೀತಿಯಲ್ಲಿ ಎರಡೂ ಟಿವಿಯಲ್ಲಿ ಒಟ್ಟಿಗೆ ಚಿತ್ರ ಬರುವುದಿಲ್ಲ. ಬಟನ್ ಒತ್ತಿದ ಕಡೆ ಮಾತ್ರ ಬರುತ್ತದೆ.

ಇನ್ನೊಂದು ಗೊಂದಲ ಹೆಸರಿನದು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಎಂಬುದು ಗೇಮ್ ಕನ್ಸೋಲ್. ಹುಡುಕುವಾಗ ಬರೀ 'ಗೇಮ್ ಸ್ವಿಚ್' ಎಂದು ಟೈಪ್ ಮಾಡಿದರೆ ಅದೇ ಬಂದು ನಿಲ್ಲುತ್ತದೆ. 'ಎಚ್‌ಡಿಎಂಐ ಸ್ವಿಚ್' ಎಂದೇ ಹುಡುಕಿ.

ಹೇಳಿಕೆ 1: ದುಬಾರಿ ಸ್ವಿಚ್ ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದೆ

ಸುಳ್ಳು. ಎಚ್‌ಡಿಎಂಐ ಕೇಬಲ್‌ನಲ್ಲಿ ಹರಿಯುವುದು ಡಿಜಿಟಲ್ ಸಂಕೇತ, ಅಂದರೆ ಸೊನ್ನೆ ಮತ್ತು ಒಂದುಗಳ ಸಾಲು. ಹಳೆಯ ಕಾಲದ ಆಂಟೆನಾದಲ್ಲಿ ಸಿಗ್ನಲ್ ಸ್ವಲ್ಪ ಕಡಿಮೆಯಾದರೆ ಚಿತ್ರವೂ ಸ್ವಲ್ಪ ಮಸುಕಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಸೊನ್ನೆ ಸೊನ್ನೆಯಾಗಿಯೂ ಒಂದು ಒಂದಾಗಿಯೂ ಟಿವಿಗೆ ತಲುಪಿದರೆ ಚಿತ್ರ ಪೂರ್ತಿ ಸರಿಯಾಗಿರುತ್ತದೆ. ತಲುಪದಿದ್ದರೆ ತೆರೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಆಗಾಗ ಕಪ್ಪಾಗುತ್ತದೆ ಅಥವಾ ಬರುವುದೇ ಇಲ್ಲ. 'ಬಣ್ಣ ಸ್ವಲ್ಪ ಮಂಕಾಯಿತು', 'ಅಂಚು ಸ್ವಲ್ಪ ಮಸುಕಾಯಿತು' ಎಂಬುದು ಸರಿಯಾಗಿ ಕೆಲಸ ಮಾಡುವ ಸ್ವಿಚ್‌ನಿಂದ ಆಗುವುದಲ್ಲ. ಹಾಗೆ ಕಂಡರೆ ಟಿವಿಯ ಸೆಟ್ಟಿಂಗ್ ನೋಡಿ. ಹೆಚ್ಚಿನ ಟಿವಿಗಳಲ್ಲಿ ಪ್ರತಿ ಪೋರ್ಟ್‌ಗೂ ಬಣ್ಣ, ಬೆಳಕಿನ ಸೆಟ್ಟಿಂಗ್ ಬೇರೆ ಬೇರೆ ಇರುತ್ತದೆ.

ಚಿನ್ನದ ಲೇಪನದ ಕಥೆಯೂ ಇದೇ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಸಂಪರ್ಕ ಬಹುಕಾಲ ಚೆನ್ನಾಗಿರುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಅದು ಉಪಯೋಗಕ್ಕೆ ಬರುವ ಗುಣ. ಆದರೆ ಚಿತ್ರದ ಗುಣಮಟ್ಟಕ್ಕೂ ಚಿನ್ನಕ್ಕೂ ಸಂಬಂಧವಿಲ್ಲ.

ಹೇಳಿಕೆ 2: ಸ್ವಿಚ್ ಹಾಕಿದರೆ ಗೇಮ್ ತಡವಾಗುತ್ತದೆ

ಇದೂ ಸುಳ್ಳು. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮ್‌ನಲ್ಲಿ ಒಂದು ಚಿತ್ರ ತೆರೆಯ ಮೇಲೆ ಇರುವುದು ಸುಮಾರು 16.7 ಮಿಲಿಸೆಕೆಂಡ್. ಗೇಮ್ ತಡವಾದಂತೆ ಅನ್ನಿಸಬೇಕಾದರೆ ನಡುವಿನ ಯಾವುದೋ ಸಾಧನ ಇಡೀ ಚಿತ್ರವನ್ನು ಹಿಡಿದಿಟ್ಟುಕೊಂಡು, ಏನೋ ಬದಲಾವಣೆ ಮಾಡಿ, ಆಮೇಲೆ ಬಿಡಬೇಕು. ಸ್ವಿಚ್ ಚಿತ್ರವನ್ನು ಹಿಡಿದಿಡುವುದೇ ಇಲ್ಲ. ಬಂದದ್ದನ್ನು ಬಂದ ಹಾಗೆಯೇ ಮುಂದಕ್ಕೆ ಬಿಡುತ್ತದೆ.

ತಡವಾಗುವುದು ಹೆಚ್ಚಾಗಿ ಟಿವಿಯೊಳಗೆ. ಚಿತ್ರ ನಯವಾಗಿಸಲು, ಬಣ್ಣ ಹೆಚ್ಚಿಸಲು ಟಿವಿ ಮಾಡುವ ಸಂಸ್ಕರಣೆಗೆ ಸಮಯ ಬೇಕು. ಅದಕ್ಕೇ ಟಿವಿಗಳಲ್ಲಿ 'ಗೇಮ್ ಮೋಡ್' ಕೊಟ್ಟಿರುತ್ತಾರೆ. ಬಟನ್ ಒತ್ತಿದ ಸ್ವಲ್ಪ ಹೊತ್ತಿನ ನಂತರ ಆಟಗಾರ ಜಿಗಿಯುತ್ತಿದ್ದಾನೆ ಅನ್ನಿಸಿದರೆ ಸ್ವಿಚ್ ಬದಲಿಸುವ ಮೊದಲು ಗೇಮ್ ಮೋಡ್ ಆನ್ ಮಾಡಿ ನೋಡಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಒಂದು ಕನ್ಸೋಲ್‌ನಿಂದ ಇನ್ನೊಂದಕ್ಕೆ ಬದಲಿಸುವಾಗ ಮಾತ್ರ ತೆರೆ ಕೆಲವು ಸೆಕೆಂಡ್ ಕಪ್ಪಾಗುತ್ತದೆ. ಇದು ದೋಷವಲ್ಲ. ಟಿವಿ ತನಗೆ ಎಷ್ಟು ರೆಸಲ್ಯೂಶನ್ ತೋರಿಸಲು ಬರುತ್ತದೆ ಎಂಬುದನ್ನು ಹೊಸ ಸಾಧನಕ್ಕೆ ತಿಳಿಸಬೇಕು, ಎರಡೂ ನಕಲು ತಡೆಯ ರಹಸ್ಯ ಕೀಲಿಯನ್ನು ಪರಸ್ಪರ ಪರೀಕ್ಷಿಸಬೇಕು. ಈ ಪರಿಚಯ ಮುಗಿದ ಮೇಲೆಯೇ ಚಿತ್ರ ಬರುತ್ತದೆ.

ಹೇಳಿಕೆ 3: 8ಕೆ ಅಥವಾ 2.1 ಎಂದು ಬರೆದಿದ್ದನ್ನೇ ತಗೊಳ್ಳಬೇಕು

ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೂ ಬರೀ ಆ ಬರಹ ಸಾಕಾಗುವುದಿಲ್ಲ.

ಎಚ್‌ಡಿಎಂಐ 2002ರಲ್ಲಿ ಬಂತು. ಆಮೇಲೆ ಅದರ ವೇಗ ಹೆಚ್ಚುತ್ತಾ ಹೋಯಿತು. 2009ರ 1.4 ಆವೃತ್ತಿಯಲ್ಲಿ ಸೆಕೆಂಡಿಗೆ 10.2 ಗಿಗಾಬಿಟ್, 2013ರ 2.0 ಆವೃತ್ತಿಯಲ್ಲಿ 18 ಗಿಗಾಬಿಟ್, 2017ರ 2.1 ಆವೃತ್ತಿಯಲ್ಲಿ ಗರಿಷ್ಠ 48 ಗಿಗಾಬಿಟ್. ಒಂದು ಗಿಗಾಬಿಟ್ ಅಂದರೆ ನೂರು ಕೋಟಿ ಬಿಟ್.

ಇಲ್ಲಿ 'ಗರಿಷ್ಠ' ಎಂಬ ಮಾತು ಮುಖ್ಯ. 2.1 ಎಂದು ಕರೆಯಲು 48 ಗಿಗಾಬಿಟ್ ವೇಗ ಇರಲೇಬೇಕು ಎಂಬ ಕಡ್ಡಾಯವಿಲ್ಲ. ಆ ಆವೃತ್ತಿಯ ಹೊಸ ಸೌಲಭ್ಯಗಳು ಐಚ್ಛಿಕ. ಆದ್ದರಿಂದ ಡಬ್ಬದ ಮೇಲಿನ ಆವೃತ್ತಿ ಸಂಖ್ಯೆ ನೋಡಬೇಡಿ. ಎಷ್ಟು ಗಿಗಾಬಿಟ್, ಯಾವ ರೆಸಲ್ಯೂಶನ್, ಸೆಕೆಂಡಿಗೆ ಎಷ್ಟು ಚಿತ್ರ, ಈ ಮೂರನ್ನು ನೋಡಿ. ಬರೀ '4ಕೆ' ಎಂದು ಬರೆದಿದ್ದರೆ ಅನುಮಾನ ಪಡಿ. ಅದು ಸೆಕೆಂಡಿಗೆ 30 ಚಿತ್ರದ 4ಕೆ ಆಗಿರಬಹುದು, 60 ಚಿತ್ರದ್ದೂ ಆಗಿರಬಹುದು. ಎರಡಕ್ಕೂ ಬೇಕಾದ ವೇಗದಲ್ಲಿ ಎರಡು ಪಟ್ಟು ವ್ಯತ್ಯಾಸವಿದೆ.

ನಿಮಗೆ ಎಷ್ಟು ವೇಗ ಬೇಕು?

ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡ 1920, ಉದ್ದ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. 4ಕೆ ಚಿತ್ರದಲ್ಲಿ ಅಡ್ಡ 3840, ಉದ್ದ 2160, ಒಟ್ಟು 82,94,400. ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ ಸುಮಾರು 4.5 ಗಿಗಾಬಿಟ್ ಬೇಕು, 4ಕೆಗೆ ಸುಮಾರು 18.

ಈಗ ಕನ್ಸೋಲ್‌ಗಳನ್ನು ನೋಡೋಣ. ಪ್ಲೇಸ್ಟೇಷನ್ 3, ಮಾಮೂಲಿ ಪ್ಲೇಸ್ಟೇಷನ್ 4 ಮತ್ತು ಮೊದಲ ನಿಂಟೆಂಡೊ ಸ್ವಿಚ್ ಟಿವಿಗೆ ಕಳಿಸುವುದು ಹೆಚ್ಚೆಂದರೆ ಫುಲ್ ಎಚ್‌ಡಿ. 2016ರಲ್ಲಿ ಬಂದ ಪ್ಲೇಸ್ಟೇಷನ್ 4 ಪ್ರೊ ಸೆಕೆಂಡಿಗೆ 60 ಚಿತ್ರದ 4ಕೆ ಕಳಿಸಬಲ್ಲದು. 2025ರ ನಿಂಟೆಂಡೊ ಸ್ವಿಚ್ 2 ಕೂಡ ಹಾಗೆಯೇ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಸೆಕೆಂಡಿಗೆ 120 ಚಿತ್ರದ 4ಕೆವರೆಗೂ ಹೋಗುತ್ತವೆ.

ಆದರೆ ಕನ್ಸೋಲ್‌ನ ಶಕ್ತಿಯಷ್ಟೇ ನೋಡಿದರೆ ದುಡ್ಡು ವ್ಯರ್ಥ. ಟಿವಿ ತೋರಿಸಲಾಗದ ಚಿತ್ರವನ್ನು ಕನ್ಸೋಲ್ ಕಳಿಸುವುದೇ ಇಲ್ಲ. ಪ್ಲೇಸ್ಟೇಷನ್ 5 ಇದ್ದರೂ ಟಿವಿ ಫುಲ್ ಎಚ್‌ಡಿಯದಾದರೆ ಅದು ಫುಲ್ ಎಚ್‌ಡಿ ಚಿತ್ರವನ್ನೇ ಕಳಿಸುತ್ತದೆ. ಹಾಗಾಗಿ ಸ್ವಿಚ್ ಯಾವುದು ಎಂದು ತೀರ್ಮಾನಿಸುವುದು ಹೆಚ್ಚಿನ ಮನೆಗಳಲ್ಲಿ ಟಿವಿಯೇ.

ಟಿವಿ ಎಚ್‌ಡಿ ರೆಡಿ ಅಥವಾ ಫುಲ್ ಎಚ್‌ಡಿ ಆಗಿದ್ದರೆ: ಯಾವ ಕನ್ಸೋಲ್ ಇದ್ದರೂ 10.2 ಗಿಗಾಬಿಟ್‌ನ, ಕೆಲವು ನೂರು ರೂಪಾಯಿಯ ಸ್ವಿಚ್ ಸಾಕು. ಡಬ್ಬದ ಮೇಲೆ 'ಸೆಕೆಂಡಿಗೆ 30 ಚಿತ್ರದ 4ಕೆ' ಎಂದಿದ್ದರೂ ನಡೆಯುತ್ತದೆ.

ಟಿವಿ 4ಕೆ, ಆದರೆ 60 ಹರ್ಟ್ಸ್ ಆಗಿದ್ದರೆ: 18 ಗಿಗಾಬಿಟ್ ಎಂದು ಸ್ಪಷ್ಟವಾಗಿ ಬರೆದಿರುವ ಸ್ವಿಚ್ ತಗೊಳ್ಳಿ. ಎಚ್‌ಡಿಆರ್ ಮತ್ತು ಎಚ್‌ಡಿಸಿಪಿ 2.2 ಎಂಬ ಎರಡು ಪದಗಳೂ ಇರಲಿ. ಎರಡನೆಯದು ನಕಲು ತಡೆಯ ಪದ್ಧತಿ. ಅದಿಲ್ಲದಿದ್ದರೆ ಗೇಮ್ ಚೆನ್ನಾಗಿಯೇ ಬಂದರೂ ಒಟಿಟಿ ಆ್ಯಪ್‌ಗಳ ಸಿನಿಮಾ 4ಕೆಯಲ್ಲಿ ಬರುವುದಿಲ್ಲ. ಪ್ಲೇಸ್ಟೇಷನ್ 5 ಇರುವವರಿಗೂ ಈ ಟಿವಿಗೆ ಇಷ್ಟೇ ಸಾಕು.

ಟಿವಿ 4ಕೆ, 120 ಹರ್ಟ್ಸ್ ಆಗಿದ್ದರೆ: ಆ ವೇಗ ಬಳಸುವ ಕನ್ಸೋಲ್ ಒಂದೇ ಇದ್ದರೆ ಅದನ್ನು ನೇರವಾಗಿ ಟಿವಿಯ 120 ಹರ್ಟ್ಸ್ ಪೋರ್ಟ್‌ಗೆ ಸಿಕ್ಕಿಸಿ. ಉಳಿದವೆಲ್ಲ ಅಗ್ಗದ ಸ್ವಿಚ್ ಮೂಲಕ ಇನ್ನೊಂದು ಪೋರ್ಟ್‌ಗೆ ಹೋಗಲಿ. ಹೀಗೆ ಮಾಡಿದರೆ 48 ಗಿಗಾಬಿಟ್‌ನ ದುಬಾರಿ ಸ್ವಿಚ್ ಬೇಕಾಗುವುದೇ ಇಲ್ಲ. ಅಂಥ ಎರಡು ಕನ್ಸೋಲ್‌ಗಳಿದ್ದು, ಟಿವಿಯಲ್ಲಿ 120 ಹರ್ಟ್ಸ್ ಪೋರ್ಟ್ ಒಂದೇ ಇದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ಟಿವಿಯ ಪೋರ್ಟ್‌ಗಳಲ್ಲಿ ಒಂದರ ಪಕ್ಕ 'ಎಆರ್‌ಸಿ' ಎಂದು ಬರೆದಿರುತ್ತದೆ. ಸೌಂಡ್‌ಬಾರ್ ಇದ್ದರೆ ಅದಕ್ಕೇ ಆ ಪೋರ್ಟ್ ಬಿಡಿ. ಅಗ್ಗದ ಸ್ವಿಚ್‌ಗಳು ಸಾಮಾನ್ಯವಾಗಿ ಆ ಧ್ವನಿಯನ್ನು ಹಿಂದಕ್ಕೆ ಹಾಯಿಸುವುದಿಲ್ಲ.

ತಾನಾಗಿ ಬದಲಾಗುವುದೋ, ಬಟನ್ ಒತ್ತುವುದೋ?

ಕೆಲವು ಸ್ವಿಚ್‌ಗಳು ಯಾವ ಸಾಧನ ಆನ್ ಆಯಿತೋ ಅದಕ್ಕೆ ತಾವಾಗಿಯೇ ತಿರುಗುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಕೆಲವು ಸಾಧನಗಳು ಪೂರ್ತಿ ಆಫ್ ಆಗುವುದೇ ಇಲ್ಲ. ಸೆಟ್‌ಟಾಪ್ ಬಾಕ್ಸ್ ಸ್ಟ್ಯಾಂಡ್‌ಬೈಯಲ್ಲಿ, ಕನ್ಸೋಲ್ ರೆಸ್ಟ್ ಮೋಡ್‌ನಲ್ಲಿ ಇರುವಾಗಲೂ ಕೇಬಲ್‌ನಲ್ಲಿ 5 ವೋಲ್ಟ್ ಬರುತ್ತಿರಬಹುದು. ಆಗ ಸ್ವಿಚ್ ಅದು ಆನ್ ಇದೆ ಎಂದೇ ತಿಳಿದು ಅಲ್ಲೇ ನಿಲ್ಲುತ್ತದೆ, ಅಥವಾ ಆಟದ ನಡುವೆ ಅದರ ಕಡೆ ಹಾರುತ್ತದೆ. ಆದ್ದರಿಂದ ಆಟೊ ಇದ್ದರೂ ಬಟನ್ ಇರಲೇಬೇಕು. ಟಿವಿಯ ಹಿಂದೆ ಇಡುವುದಾದರೆ ರಿಮೋಟ್ ಇರುವುದನ್ನು ತಗೊಳ್ಳಿ. ಅದರ ರಿಮೋಟ್ ಸಂಕೇತ ಹಿಡಿಯುವ ಕಣ್ಣು ಟಿವಿಯ ಮರೆಗೆ ಹೋಗದಂತೆ ನೋಡಿಕೊಳ್ಳಿ.

ವಿದ್ಯುತ್ ವಿಷಯದಲ್ಲೂ ಎರಡು ಬಗೆ ಇವೆ. ಪ್ರತಿ ಕನ್ಸೋಲ್ ಎಚ್‌ಡಿಎಂಐ ಕೇಬಲ್ ಮೂಲಕ ಕಡಿಮೆಯೆಂದರೂ 55 ಮಿಲಿಆಂಪ್‌ನಷ್ಟು ವಿದ್ಯುತ್ ಕೊಡಬೇಕೆಂಬ ನಿಯಮವಿದೆ. ಅಡಾಪ್ಟರ್ ಇಲ್ಲದ ಸ್ವಿಚ್‌ಗಳು ಇಷ್ಟರಲ್ಲೇ ಬದುಕುತ್ತವೆ. ಫುಲ್ ಎಚ್‌ಡಿಗೆ, ಚಿಕ್ಕ ಕೇಬಲ್‌ಗೆ ಅದು ಸಾಕಾಗುತ್ತದೆ. 4ಕೆ ಇದ್ದರೆ ಅಥವಾ ಕೇಬಲ್ ಉದ್ದವಿದ್ದರೆ 5 ವೋಲ್ಟ್ ಯುಎಸ್‌ಬಿ ಸಂಪರ್ಕ ಇರುವುದೇ ವಾಸಿ. ಕನ್ಸೋಲ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಟಿವಿಗೆ, ಎರಡೂ ಕೇಬಲ್‌ಗಳ ಉದ್ದ ಒಟ್ಟಾಗಿ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಸ್ವಿಚ್ ತಂದ ಮೇಲೆ ಚುಕ್ಕೆ ಮಿನುಗಿದರೆ ಮೊದಲು ಚಿಕ್ಕ ಕೇಬಲ್ ಹಾಕಿ ನೋಡಿ.

ಹಳೆಯ ಪ್ಲೇಸ್ಟೇಷನ್ 2 ಇದ್ದರೆ?

ಪ್ಲೇಸ್ಟೇಷನ್ 2ರಲ್ಲಿ, ಹಳೆಯ ಕ್ಯಾಸೆಟ್ ವಿಡಿಯೋ ಗೇಮ್‌ಗಳಲ್ಲಿ ಎಚ್‌ಡಿಎಂಐ ಇಲ್ಲ. ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಪಿನ್‌ಗಳ ಎವಿ ಕೇಬಲ್ ಇರುತ್ತದೆ. ಹಳದಿಯಲ್ಲಿ ಚಿತ್ರ, ಉಳಿದ ಎರಡರಲ್ಲಿ ಧ್ವನಿ. ಇವುಗಳಿಗೇ ಬೇರೆ ಎವಿ ಸ್ವಿಚ್ ಸಿಗುತ್ತದೆ. ಬಟನ್ ಒತ್ತುವ ಸಾದಾ ಪೆಟ್ಟಿಗೆ, ವಿದ್ಯುತ್ ಬೇಕಿಲ್ಲ, ಬೆಲೆಯೂ ಕಡಿಮೆ.

ಟಿವಿಯಲ್ಲಿ ಎವಿ ಪೋರ್ಟ್ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು. ಅದು ಸ್ವಿಚ್ ಅಲ್ಲ. ಅನಲಾಗ್ ಚಿತ್ರವನ್ನು ಡಿಜಿಟಲ್‌ಗೆ ಬದಲಿಸಿ, ದೊಡ್ಡದು ಮಾಡಿ ಕಳಿಸುವ ಸಾಧನ. ಇಲ್ಲಿ ಮಾತ್ರ ಸ್ವಲ್ಪ ತಡವಾಗುವ ಸಾಧ್ಯತೆ ನಿಜಕ್ಕೂ ಇದೆ. ಎವಿ ಸ್ವಿಚ್ ಒಂದು, ಅದರ ಮುಂದೆ ಕನ್ವರ್ಟರ್ ಒಂದು, ಅದರಿಂದ ಎಚ್‌ಡಿಎಂಐ ಸ್ವಿಚ್‌ಗೆ ಒಂದು ಕೇಬಲ್. ಹೀಗೆ ಜೋಡಿಸಿದರೆ ಹಳೆಯ ಕನ್ಸೋಲ್‌ಗಳೆಲ್ಲ ಒಂದೇ ಕನ್ವರ್ಟರ್‌ನಲ್ಲಿ ಮುಗಿಯುತ್ತವೆ.

ಕೇಬಲ್ ಕಿತ್ತು ಸಿಕ್ಕಿಸುವುದರಿಂದ ಪೋರ್ಟ್ ಹಾಳಾಗುತ್ತದೆಯೇ?

ಇದು ಅರ್ಧ ಸತ್ಯ. ಎಚ್‌ಡಿಎಂಐ ಕನೆಕ್ಟರ್ 10,000 ಸಲ ಸಿಕ್ಕಿಸಿ ಕಿತ್ತರೂ ತಾಳುವಂತೆ ವಿನ್ಯಾಸಗೊಂಡಿದೆ. ದಿನಕ್ಕೆ ಎರಡು ಸಲ ಕಿತ್ತರೂ ಹದಿಮೂರು ವರ್ಷ ದಾಟುತ್ತದೆ. ಆದರೆ ಆ ಲೆಕ್ಕ ನೇರವಾಗಿ ಸಿಕ್ಕಿಸಿದಾಗಿನದು. ಕತ್ತಲಲ್ಲಿ ಓರೆಯಾಗಿ ತುರುಕಿದರೆ, ಕೇಬಲ್ ಹಿಡಿದು ಜಗ್ಗಿದರೆ ಒಂದೇ ಸಲಕ್ಕೆ ಪಿನ್ ಬಾಗಬಹುದು. ಆಗ ಪೋರ್ಟನ್ನು ಮದರ್‌ಬೋರ್ಡ್‌ನಿಂದ ಬಿಡಿಸಿ ಹೊಸದನ್ನು ಬೆಸುಗೆ ಹಾಕಬೇಕು. ಆ ರಿಪೇರಿಯ ಖರ್ಚಿನ ಮುಂದೆ ಸ್ವಿಚ್‌ನ ಬೆಲೆ ಚಿಲ್ಲರೆ. ಸ್ವಿಚ್ ಕೊಳ್ಳಲು ಇರುವ ಒಳ್ಳೆಯ ಕಾರಣ ಇದೇ.

ಗುಡುಗು ಮಳೆಗೆ ಮುಂಚೆ ಇದನ್ನು ಮರೆಯಬೇಡಿ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲಿನೊಂದಿಗೇ ಬರುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದರೆ ವಿದ್ಯುತ್ ತಂತಿಯ ಮೂಲಕವೂ ಚಾವಣಿಯ ಡಿಶ್ ಕೇಬಲ್ ಮೂಲಕವೂ ಹೆಚ್ಚಿನ ವೋಲ್ಟೇಜ್ ಮನೆಯೊಳಗೆ ನುಗ್ಗಬಹುದು. ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್‌ಗೆ, ಅಲ್ಲಿಂದ ಟಿವಿಗೆ ಅದು ದಾಟುತ್ತದೆ.

ಸ್ವಿಚ್ ಇದ್ದಾಗ ಅಪಾಯ ಇನ್ನಷ್ಟು ಹರಡುತ್ತದೆ. ಬಟನ್ ಒತ್ತಿ ಸೆಟ್‌ಟಾಪ್ ಬಾಕ್ಸ್‌ನಿಂದ ಬೇರೆ ಕಡೆ ತಿರುಗಿಸಿದ್ದರೂ ಎಲ್ಲ ಕೇಬಲ್‌ಗಳ ಹೊರಗಿನ ಲೋಹದ ಕವಚ ಪೆಟ್ಟಿಗೆಯೊಳಗೆ ಒಂದಕ್ಕೊಂದು ಸೇರಿಯೇ ಇರುತ್ತದೆ. ಅಂದರೆ ಮೂರೂ ಕನ್ಸೋಲ್, ಟಿವಿ, ಸೆಟ್‌ಟಾಪ್ ಬಾಕ್ಸ್ ಎಲ್ಲವೂ ಒಂದೇ ಸರಪಳಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಮೋಡ ಕಟ್ಟುತ್ತಿದ್ದಂತೆಯೇ ಪ್ಲಗ್‌ಗಳನ್ನು ಗೋಡೆಯಿಂದ ಕಿತ್ತು, ಡಿಶ್ ಕೇಬಲ್ ಬಿಡಿಸಿಡಿ. ಗುಡುಗು ಆಗಲೇ ಹತ್ತಿರ ಬಂದಿದ್ದರೆ ಯಾವ ತಂತಿಯನ್ನೂ ಮುಟ್ಟಲು ಹೋಗಬೇಡಿ. ಟಿವಿಗಿಂತ ಜೀವ ದೊಡ್ಡದು.

ಮೊದಲ ಸಲ ಜೋಡಿಸುವಾಗಲೂ ಎಲ್ಲ ಪ್ಲಗ್ ಆಫ್ ಇರಲಿ. ಮೊದಲು ಕೇಬಲ್ ಸಿಕ್ಕಿಸಿ, ಆಮೇಲೆ ವಿದ್ಯುತ್ ಕೊಡಿ.

ತಂದ ದಿನವೇ ಪರೀಕ್ಷಿಸಿ

ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಕನ್ಸೋಲ್‌ನ ಸೆಟ್ಟಿಂಗ್‌ನಲ್ಲಿ ಟಿವಿಗೆ ಸಾಧ್ಯವಿರುವ ಅತಿ ಹೆಚ್ಚಿನ ರೆಸಲ್ಯೂಶನ್ ಇಟ್ಟು, ಎಚ್‌ಡಿಆರ್ ಇದ್ದರೆ ಅದನ್ನೂ ಆನ್ ಮಾಡಿ ಅರ್ಧ ಗಂಟೆ ಆಡಿ. ಪ್ರತಿ ಪೋರ್ಟ್‌ನಲ್ಲೂ ಹೀಗೆ ನೋಡಿ. ಚುಕ್ಕೆ ಮಿನುಗದೆ, ತೆರೆ ಕಪ್ಪಾಗದೆ, ಧ್ವನಿ ಕಡಿಯದೆ ನಡೆದರೆ ಸ್ವಿಚ್ ಸರಿಯಾಗಿದೆ ಎಂದೇ ಅರ್ಥ. ಅದರ ಬೆಲೆ ಮುನ್ನೂರಾಗಿರಲಿ, ಮೂರು ಸಾವಿರವಾಗಿರಲಿ, ಅದಕ್ಕಿಂತ ಚೆನ್ನಾಗಿ ಇನ್ನಾವ ಸ್ವಿಚ್ಚೂ ಅದೇ ಚಿತ್ರವನ್ನು ತೋರಿಸಲಾರದು.

ಒಟ್ಟಾರೆ ಹೇಳುವುದಾದರೆ, ಅಂಗಡಿಗೆ ಹೋಗುವ ಮುನ್ನ ಮೂರು ವಿಷಯ ಬರೆದಿಟ್ಟುಕೊಳ್ಳಿ: ಟಿವಿ ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಸ್, ಜೋಡಿಸಬೇಕಾದ ಸಾಧನಗಳು ಎಷ್ಟು. ಫುಲ್ ಎಚ್‌ಡಿ ಟಿವಿಗೆ 10.2 ಗಿಗಾಬಿಟ್, 60 ಹರ್ಟ್ಸ್‌ನ 4ಕೆ ಟಿವಿಗೆ 18 ಗಿಗಾಬಿಟ್. ಸಾಧನಗಳಿಗಿಂತ ಒಂದು ಪೋರ್ಟ್ ಹೆಚ್ಚಿದ್ದರೆ ಮುಂದಕ್ಕೂ ಆಯಿತು. ಉಳಿದ ದುಡ್ಡಿನಲ್ಲಿ ಮಕ್ಕಳಿಗೆ ಒಂದು ಹೊಸ ಗೇಮ್ ಬರುತ್ತದೆ.